ಹೊಸ ಫೋನಿಗೆ ರಿಂಗ್‌ಟೋನ್: ಥೀಮ್ ಸ್ಟೋರ್, ಆ್ಯಪ್, ಇಲ್ಲಾ ನಮ್ಮದೇ ಹಲಗಿ?

ಆಂಡ್ರಾಯ್ಡ್ ಫೋನಿನಲ್ಲಿ ರಿಂಗ್‌ಟೋನ್ ಬದಲಾಯಿಸೋಕೆ ದಾರಿ ಹಲವು. ನನಗೆ ಸರಿಹೋಗಿದ್ದು ಒಂದೇ. ನಾವೇ ರೆಕಾರ್ಡ್ ಮಾಡಿದ ಸದ್ದನ್ನು ಫೋನಿನ ರಿಂಗ್‌ಟೋನ್ಸ್ ಫೋಲ್ಡರ್‌ಗೆ ಹಾಕೋದು. ಉಳಿದವನ್ನೂ ಹಾಕಿ ನೋಡಿಯೇ ಹೇಳ್ತಿದ್ದೇನೆ.

ಕಲಬುರಗಿಯ ನೆಹರು ಗಂಜ್‌ನಲ್ಲಿ ನಮ್ಮದು ಸಣ್ಣ ಅಡತ್ ಅಂಗಡಿ, ರೈತರ ಮಾಲು ಕಮಿಷನ್ ಮೇಲೆ ಮಾರಿಸೋದು. ತೊಗರಿ ಸುಗ್ಗಿ ಬಂತಂದರೆ ಲಾರಿ ಹಾರ್ನ್, ಹಮಾಲರ ಕೂಗು, ತೂಕದ ಗದ್ದಲ. ಹೊಸ ಫೋನಿನ ಜೊತೆ ಬಂದ ಟ್ಯೂನ್ ಬಲು ಮೆತ್ತಗೆ. ಅದೇ ಕಂಪನಿ ಫೋನ್ ಅಕ್ಕಪಕ್ಕದ ಅಂಗಡಿಯವರ ಹತ್ತಿರವೂ ಇದೆ. ಒಂದು ರಿಂಗಾದರೆ ಎಲ್ಲರೂ ಜೇಬು ತಡಕುತ್ತಾರೆ. ಇಲ್ಲಾ ಯಾರಿಗೂ ಕೇಳಿಸೋದೇ ಇಲ್ಲ. ಆಳಂದ ಕಡೆಯ ರೈತರೊಬ್ಬರು ಅಂಗಡಿಗೇ ಬಂದು, "ಫೋನ್ ಯಾಕ ಎತ್ತವಲ್ರಿ ಸಾವ್ಕಾರ್ರ?" ಅಂತ ಕೇಳಿದರು. ಮಾಲು ತರೋ ಮುಂಚೆ ರೇಟು ಕೇಳೋಕೆ ಮಾಡಿದ ಫೋನ್ ಅದು.

ಮೊದಲು ಫೋನಿನದೇ ಥೀಮ್ ಸ್ಟೋರ್. ಸೆಟ್ಟಿಂಗ್ಸ್‌ನಲ್ಲಿ ರಿಂಗ್‌ಟೋನ್ ಒತ್ತಿದರೆ ನೇರ ಅದೇ ತೆರೆಯುತ್ತೆ. ನೆಟ್ ಬೇಕು, ಲಾಗಿನ್ ಬೇಕು. ಒಂದು ಟ್ಯೂನ್ ಕೇಳೋಣ ಅಂದರೆ ಮುಂಚೆ ಜಾಹೀರಾತು. ನನ್ನ ದುಡ್ಡು ಕೊಟ್ಟು ತಂದ ಫೋನ್, ಅದರ ಗಂಟೆ ಬದಲಾಯಿಸೋಕೆ ನಾನ್ಯಾಕೆ ಜಾಹೀರಾತು ನೋಡಬೇಕು? ನಿಜವಾಗಿ ಸಿಟ್ಟು ಬಂತು.

ಫೋನಿನಲ್ಲಿರೋ ಹಾಡು ಹಾಕೋ ಆಯ್ಕೆ ಇಲ್ಲ ಅಂತಲ್ಲ. ಪುಟದ ತಳದಲ್ಲಿ, ಸಣ್ಣ ಅಕ್ಷರದಲ್ಲಿ ಇದೆ. ಅದನ್ನು ಒತ್ತಿದರೆ ಕಾಲ್ ರೆಕಾರ್ಡಿಂಗ್, ಹಾಡು, ಎಲ್ಲಾ ಒಂದೇ ಪಟ್ಟಿಯಲ್ಲಿ. ಹುಡುಕಿ ಒಂದು ಭಜನೆ ಹಾಕಿದೆ. ಕತ್ತರಿಸೋ ಸೌಲಭ್ಯ ಇಲ್ಲ, ಹಾಡು ಮೊದಲಿನಿಂದಲೇ ಶುರು.

ಇಲ್ಲೇ ತೊಡಕು. ಎತ್ತದಿದ್ದರೆ ಮೊಬೈಲ್ ಕರೆ 30 ಸೆಕೆಂಡ್ ರಿಂಗಾಗಬೇಕು ಅಂತ ಟೆಲಿಕಾಂ ನಿಯಂತ್ರಕ ಸಂಸ್ಥೆ ಟ್ರಾಯ್ 2019ರಲ್ಲಿ ನಿಗದಿ ಮಾಡಿದೆ. ಅಷ್ಟರಲ್ಲಿ ಹಾರ್ಮೋನಿಯಂ ಆಲಾಪವೇ ಮುಗಿಯೋದಿಲ್ಲ. ತಾಳ, ದಮ್ಮಡಿ ಸೇರೋ ಹೊತ್ತಿಗೆ ಕರೆ ಕಟ್ ಆಗಿರುತ್ತೆ.

ಪ್ಲೇ ಸ್ಟೋರ್‌ನ ರಿಂಗ್‌ಟೋನ್ ಆ್ಯಪ್ ಹಾಡು ಕತ್ತರಿಸೋದನ್ನು ಚೆನ್ನಾಗಿ ಮಾಡುತ್ತೆ. ಆದರೆ ನಾನು ಹಾಕಿದ ಆ್ಯಪ್ ಕಾಂಟ್ಯಾಕ್ಟ್ಸ್ ಅನುಮತಿ ಕೇಳಿತು. ನನ್ನ ಫೋನಿನಲ್ಲಿ ಊರೂರಿನ ರೈತರ ನಂಬರ್ ಇವೆ, ಕೊಡೋದಿಲ್ಲ. ತೆಗೆದುಹಾಕಿದೆ.

ಹಳೇ ಕೀಪ್ಯಾಡ್ ಫೋನ್ ಈ ವಿಷಯದಲ್ಲಿ ಈಗಲೂ ಬೆಸ್ಟ್. ಆದರೆ ಅದರಲ್ಲಿ ಫೋನ್‌ಪೇ ನಡೆಯೋದಿಲ್ಲ.

ಕೊನೆಗೆ ಕೈಹಿಡಿದದ್ದು ಹಲಗಿ, ಅಂದರೆ ಕೋಲಿನಿಂದ ಬಡಿಯೋ ಚರ್ಮವಾದ್ಯ. ಹೋಳಿ ಆದ ಮೇಲೆ ಬರುವ ಶರಣಬಸವೇಶ್ವರ ಜಾತ್ರೆಯಲ್ಲಿ ಹಲಗಿ ಬಡಿಯೋದನ್ನು ರೆಕಾರ್ಡ್ ಮಾಡಿಟ್ಟಿದ್ದೆ. ಫೋನಿನ ರೆಕಾರ್ಡರ್‌ನಲ್ಲೇ ಶುರುವಿನಲ್ಲಿದ್ದ ಜನರ ಮಾತು ಕತ್ತರಿಸಿ, ಮೊದಲ ಪೆಟ್ಟಿನಿಂದಲೇ ಸದ್ದು ಶುರುವಾಗೋ ಹಾಗೆ ಮಾಡಿದೆ. ಫೈಲ್ ಮ್ಯಾನೇಜರ್ ತೆರೆದು ರಿಂಗ್‌ಟೋನ್ಸ್ ಫೋಲ್ಡರ್‌ಗೆ ಕಾಪಿ ಮಾಡಿದೆ. ಅಷ್ಟೇ, ಪಟ್ಟಿಯಲ್ಲಿ ಬಂತು. ನೆಟ್ ಬೇಡ, ಲಾಗಿನ್ ಬೇಡ, ದುಡ್ಡೂ ಬೇಡ.

ಗದ್ದಲದಲ್ಲಿ ಇದು ಕೇಳಿಸೋಕೆ ಕಾರಣ ಇದೆ. ಫೋನಿನ ಸಣ್ಣ ಸ್ಪೀಕರ್‌ಗೆ ದಪ್ಪ ದನಿ ಹೊರಡಿಸೋಕೆ ಆಗೋದಿಲ್ಲ. ನಮ್ಮ ಕಿವಿಯೂ ಸುಮಾರು 2,000ದಿಂದ 5,000 ಹರ್ಟ್ಜ್ ನಡುವಿನ ಸದ್ದಿಗೇ ಜಾಸ್ತಿ ಚುರುಕು. ತೆಳು ಕೋಲಿನ ಟಣ್ ಟಣ್ ಪೆಟ್ಟು ಲಾರಿ ಗುರುಗುಟ್ಟುವಾಗಲೂ ಎದ್ದು ಕೇಳುತ್ತೆ. ಮೆತ್ತಗಿನ ಪಿಯಾನೊ ಟ್ಯೂನ್ ಮುಳುಗಿಹೋಗುತ್ತೆ.

ನನ್ನ ಹಾಗೆ ಗದ್ದಲದಲ್ಲಿ ದುಡಿಯೋರು, ರಿಂಗ್‌ಟೋನ್‌ಗೆ ಒಂದು ರೂಪಾಯಿಯೂ ಕೊಡೋ ಮನಸ್ಸಿಲ್ಲದೋರು ಇದನ್ನೇ ಮಾಡಿ. ಸುಮ್ನೆ ಆಫೀಸಿನಲ್ಲಿ ಕೂತು ಕೆಲಸ ಮಾಡೋರಿಗೆ ಕಂಪನಿ ಟ್ಯೂನ್ ಸಾಕು.

ಮಾಡುವಾಗ ಎರಡು ವಿಷಯ ನೋಡಿಕೊಳ್ಳಿ. ಕೆಲವು ಫೋನಿನಲ್ಲಿ ಎರಡು ಸಿಮ್‌ಗೂ ಬೇರೆ ಬೇರೆಯಾಗಿ ಹಾಕಬೇಕು. ವಾಟ್ಸಾಪ್ ಕಾಲ್‌ನ ರಿಂಗ್‌ಟೋನ್ ಇರೋದು ವಾಟ್ಸಾಪ್‌ನ ನೋಟಿಫಿಕೇಶನ್ ಸೆಟ್ಟಿಂಗ್ಸ್ ಒಳಗೆ.