ಟೈಲ್ಸ್ ಅಂಗಡಿ ಕೆಳಗಿನ ಜ್ಯಾಮ್ ರೂಮು: ಹುಡುಗರಿಗೆ ಸ್ವರ್ಗ, ಹಾಡುವವರಿಗೆ ಕಷ್ಟ

ಬನಶಂಕರಿ ಮೂರನೇ ಹಂತದಲ್ಲಿ, ಕತ್ರಿಗುಪ್ಪೆ ಕಡೆಯ ಒಂದು ಕ್ರಾಸ್‌ನಲ್ಲಿ, ಟೈಲ್ಸ್ ಅಂಗಡಿಯ ಬೇಸ್‌ಮೆಂಟ್‌ನಲ್ಲಿರುವ ಜ್ಯಾಮ್ ರೂಮು ಇದು, ಅಂದರೆ ಬ್ಯಾಂಡಿನವರು ಬಾಡಿಗೆ ಕೊಟ್ಟು ಪ್ರಾಕ್ಟೀಸ್ ಮಾಡುವ ಜಾಗ. ಬೋರ್ಡ್ ಇಲ್ಲ. ಬೋರ್ಡ್ ಹಾಕಿದರೆ ದೂರು ಕೊಡುವವರಿಗೆ ವಿಳಾಸ ಕೊಟ್ಟ ಹಾಗಾಗುತ್ತದೆ ಅನ್ನೋದು ಓನರ್ ವಾದ. ಅದಕ್ಕೇ ನಾನೂ ಹೆಸರು ಬರೆಯುತ್ತಿಲ್ಲ. ಸಂಜೆ ಹೊತ್ತು ಗಿಟಾರ್ ಬ್ಯಾಗ್ ಹೊತ್ತ ಹುಡುಗರು ಇಳಿಯುವ ಮೆಟ್ಟಿಲು ಕಂಡರೆ ಅದೇ ಜಾಗ.

ಪ್ರಾಕ್ಟೀಸ್‌ಗೆ ಗಂಟೆಗೆ 400 ರೂಪಾಯಿ. ತಿಂಗಳ ಕೊನೇ ಭಾನುವಾರ ಮಧ್ಯಾಹ್ನ 3ರಿಂದ 6ರವರೆಗೆ ಶೋ ಇರುತ್ತದೆ. ಟಿಕೆಟ್ 150. ಅದರಲ್ಲೇ ಒಂದು ಟೀ, ಪಕ್ಕದ ಅಯ್ಯಂಗಾರ್ ಬೇಕರಿಯ ಒಂದು ಖಾರ ಬನ್. ಬನ್ ಚೆನ್ನಾಗಿದೆ. ಟೀ ಬಗ್ಗೆ ಏನೂ ಹೇಳಲ್ಲ.

ನನ್ನ ಮಗ ಬೇಸ್ ಗಿಟಾರ್ ನುಡಿಸುತ್ತಾನೆ, ಪಿಯುಸಿ ಹುಡುಗ. ನಾನು ಎಸ್‌ಪಿ ರೋಡಿನಲ್ಲಿ ಆಂಪ್ಲಿಫೈಯರ್ ರಿಪೇರಿ ಮಾಡುವವನು. ಹಾಗಾಗಿ ಎಂಥ ಜಾಗಕ್ಕೆ ಹೋದರೂ ಮೊದಲು ನೋಡುವುದು ಪ್ಲಗ್ ಪಾಯಿಂಟ್. ಎಷ್ಟೋ ಜ್ಯಾಮ್ ರೂಮುಗಳಲ್ಲಿ ಅರ್ತಿಂಗ್ ಅನ್ನೋದು ಹೆಸರಿಗೆ ಮಾತ್ರ. ಕೈಯಲ್ಲಿ ಗಿಟಾರ್ ತಂತಿ ಹಿಡಿದು ಮೈಕಿಗೆ ತುಟಿ ತಾಗಿಸಿದರೆ ಚುರ್ ಅನ್ನುತ್ತದೆ. ಹುಡುಗರು ಅದನ್ನೇ ತಮಾಷೆ ಅಂದುಕೊಂಡಿರುತ್ತಾರೆ. ಇಲ್ಲಿ ಮಲ್ಟಿಮೀಟರ್ ಇಟ್ಟು ನೋಡಿದೆ. ನ್ಯೂಟ್ರಲ್‌ಗೂ ಅರ್ತ್‌ಗೂ ನಡುವೆ 1 ವೋಲ್ಟ್ ಚಿಲ್ಲರೆ ಅಷ್ಟೇ. ಹಿತ್ತಲಲ್ಲಿ ಬೇರೆ ಗುಂಡಿ ತೋಡಿಸಿ ಅರ್ತ್ ಎಳೆದಿದ್ದಾರೆ. ಈ ಒಂದು ಕೆಲಸಕ್ಕೇ ನಾನು ಅರ್ಧ ಮಾರ್ಕ್ಸ್ ಕೊಟ್ಟುಬಿಟ್ಟೆ.

ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿಲ್ಲ, ಅದೂ ಸಂತೋಷ. ಮೊಟ್ಟೆ ಟ್ರೇಯಿಂದ ರೂಮಿನೊಳಗಿನ ಗುಂಯ್‌ಗುಡುವಿಕೆ ಸ್ವಲ್ಪ ಕಡಿಮೆಯಾಗಬಹುದು, ಶಬ್ದ ಹೊರಗೆ ಹೋಗುವುದು ನಿಲ್ಲುವುದಿಲ್ಲ. ಅದನ್ನು ತಡೆಯೋಕೆ ತೂಕ ಬೇಕು. ಇಲ್ಲಿ ಗ್ಲಾಸ್‌ವೂಲ್ ತುಂಬಿ, ಮೇಲೆ ಎರಡು ಪದರ ಜಿಪ್ಸಮ್ ಬೋರ್ಡ್ ಹೊಡೆದಿದ್ದಾರೆ. ಬಾಗಿಲೂ ಎರಡು, ಮಧ್ಯೆ ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗ. ಗೇಟಿನ ಹತ್ತಿರ ನಿಂತರೆ ಪೆಡಲ್ ತುಳಿದು ಬಾರಿಸುವ ದೊಡ್ಡ ಕಿಕ್ ಡ್ರಮ್‌ನ ಅದುರು ಮಾತ್ರ ಕಾಲಿಗೆ ತಿಳಿಯುತ್ತದೆ. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 10ರ ಮೇಲೆ 45 ಅಂತ ನಿಯಮ ಇದೆ. ಡ್ರಮ್ಸ್ ಮುಂದೆ ಅದು ಏನೇನೂ ಅಲ್ಲ. ಇಷ್ಟು ಖರ್ಚು ಮಾಡದೆ ಈ ಧಂಧೆ ನಡೆಸೋಕಾಗಲ್ಲ.

ಈಗ ತಕರಾರು. ಹಾಡುವವರಿಗೆ ತಮ್ಮ ದನಿ ತಮಗೇ ಕೇಳುವುದಿಲ್ಲ. ಗಿಟಾರಿಗೆ ಎರಡು ದೊಡ್ಡ ಆಂಪ್, ಹಾಡಿಗೆ ಎರಡು ಸಣ್ಣ ಸ್ಪೀಕರ್. ಹಾಡುವವರ ಕಡೆ ತಿರುಗಿಸಿದ ಸ್ಪೀಕರ್, ಅಂದರೆ ಮಾನಿಟರ್, ಒಂದೂ ಇಲ್ಲ. ಪಾಪ, ಹಾಡುತ್ತಿದ್ದ ಒಬ್ಬ ಹುಡುಗಿ ಕಿರುಚಿ ಕಿರುಚಿ ಮೂರನೇ ಹಾಡಿಗೇ ಗಂಟಲು ಕೆಡಿಸಿಕೊಂಡಳು. ಒಂದು ಹಳೇ ಮಾನಿಟರ್ ಸೆಕೆಂಡ್ ಹ್ಯಾಂಡ್‌ನಲ್ಲಿ ತಂದಿಟ್ಟರೆ ಮುಗಿಯುವ ವಿಷಯ. ಓನರ್‌ಗೆ ಹೇಳಿದೆ, ‘ನೋಡೋಣ ಸಾರ್’ ಅಂದರು. ಆ ‘ನೋಡೋಣ’ದ ಅರ್ಥ ನಮಗೆಲ್ಲ ಗೊತ್ತಲ್ವಾ.

ಇನ್ನೊಂದು ದೊಡ್ಡದು. ಹೊರಗೆ ಹೋಗೋಕೆ ಇರುವುದು ಒಂದೇ ಮೆಟ್ಟಿಲು. ಶೋ ದಿನ ನಲವತ್ತು ಐವತ್ತು ಜನ ತುಂಬಿಕೊಳ್ಳುತ್ತಾರೆ, ಮೆಟ್ಟಿಲ ಮೇಲೇ ಗಿಟಾರ್ ಕೇಸ್ ಪೇರಿಸಿರುತ್ತಾರೆ. ಬೆಂಕಿ ಆರಿಸುವ ಸಿಲಿಂಡರ್ ಇದೆ, ಅದರ ಮುಂದೆ ಟೀ ಫ್ಲಾಸ್ಕ್ ಇದೆ. ಇದು ತಮಾಷೆ ವಿಷಯ ಅಲ್ಲ. ಆ ಕೇಸುಗಳನ್ನು ಮೇಲಿನ ಶೆಡ್‌ನಲ್ಲಿ ಇಡಿಸಿದರೆ ಸಾಕು.

ಇಷ್ಟಿದ್ದರೂ ಯಾಕೆ ಹೋಗ್ತೀರಿ ಅಂದರೆ, ಈ ವಯಸ್ಸಿನವರು ಬೇರೆ ಎಲ್ಲಿ ನುಡಿಸಬೇಕು ಹೇಳಿ? ಕರ್ನಾಟಕದಲ್ಲಿ ಮದ್ಯಕ್ಕೆ 21 ಅಂತ ಪಬ್ಬುಗಳು ಪಾಲಿಸುತ್ತವೆ. ಇಂದಿರಾನಗರದ ಒಂದು ಪಬ್ಬಿನಲ್ಲಿ ಕೇಳಿದ್ದಕ್ಕೆ, ಹುಡುಗರು ಸ್ಟೇಜ್ ಹತ್ತಬಹುದು, ಇಳಿದ ತಕ್ಷಣ ಹೊರಗೆ ಹೋಗಬೇಕು ಅಂದರು. ಅವರ ಕ್ಲಾಸ್‌ಮೇಟ್ಸ್ ಒಳಗೇ ಬರುವ ಹಾಗಿಲ್ಲ. ನೋಡುವವರೇ ಇಲ್ಲದ ಮೇಲೆ ಬ್ಯಾಂಡ್ ಯಾರಿಗೆ? ಲೈವ್ ಮ್ಯೂಸಿಕ್‌ಗೆ ಲೈಸೆನ್ಸ್ ಬೇಕು ಅನ್ನೋ 2005ರ ಆದೇಶ ಬೇರೆ ಇದೆ. ಅದು ಸುಪ್ರೀಂ ಕೋರ್ಟ್‌ವರೆಗೆ ಹೋಗಿ 2018ರಲ್ಲಿ ಗಟ್ಟಿಯಾಯಿತು. ದೊಡ್ಡ ಪಬ್ಬುಗಳು ಹೇಗೋ ನಿಭಾಯಿಸುತ್ತವೆ.

ಅಮೆರಿಕದಲ್ಲಿ 1964ರ ಫೆಬ್ರವರಿ 9ರಂದು ಬೀಟಲ್ಸ್ ಟಿವಿಯಲ್ಲಿ ಬಂದ ಮೇಲೆ ಊರೂರಿನ ಹೈಸ್ಕೂಲ್ ಹುಡುಗರು ಮನೆ ಗ್ಯಾರೇಜಿನಲ್ಲಿ ಬ್ಯಾಂಡ್ ಕಟ್ಟಿದರು. ಅವರಿಗಾಗಿ ಹೊರವಲಯದಲ್ಲಿ ಹೆಂಡ ಇಲ್ಲದ ಕ್ಲಬ್ಬುಗಳು ಹುಟ್ಟಿದವು. ಶಿಕಾಗೋ ಪಕ್ಕದ ಆರ್ಲಿಂಗ್ಟನ್ ಹೈಟ್ಸ್‌ನ ‘ದ ಸೆಲ್ಲರ್’ ಅಂಥದ್ದು. ಶ್ಯಾಡೋಸ್ ಆಫ್ ನೈಟ್ ಅಲ್ಲಿ ಕಾಯಂ ಆಗಿ ನುಡಿಸುತ್ತಿದ್ದ ಬ್ಯಾಂಡ್. ನಮ್ಮೂರೇನೂ ಹಿಂದೆ ಬಿದ್ದಿರಲಿಲ್ಲ. ಬೆಂಗಳೂರಿನಲ್ಲೇ ಬೆಳೆದ, ಬಿದ್ದು ಅನ್ನೋ ಹೆಸರಿನ ಕೊಡವ ಹುಡುಗ ಗೆಳೆಯರ ಜೊತೆ ಟ್ರೋಜನ್ಸ್ ಅಂತ ಬ್ಯಾಂಡ್ ಕಟ್ಟಿ ಇಲ್ಲಿನ ಕ್ಲಬ್ಬುಗಳಲ್ಲಿ ನುಡಿಸಿದ್ದು ಅರವತ್ತರ ದಶಕದಲ್ಲೇ. ಆಮೇಲೆ ಲಂಡನ್ ಸೇರಿ ಡಿಸ್ಕೋ ಕಾಲದ ದೊಡ್ಡ ಹೆಸರಾದರು. ಇವರೆಲ್ಲ ಮೊದಲು ಯಾವುದೋ ಸಣ್ಣ ಜಾಗದಲ್ಲಿ ತಪ್ಪುತಪ್ಪಾಗಿ ನುಡಿಸಿಯೇ ಕಲಿತಿರಬೇಕು.

ಕಳೆದ ಶೋನಲ್ಲಿ ನಾಲ್ಕು ಬ್ಯಾಂಡ್ ಇದ್ದವು. ಎರಡು ಬರೀ ಮೆಟಲ್ ಕವರ್ಸ್, ಅಂದರೆ ಬೇರೆಯವರ ಹೆವಿ ಮೆಟಲ್ ರಾಕ್ ಹಾಡುಗಳು, ವೇಗ ಇತ್ತು, ತಾಳ ಆಗಾಗ ಇತ್ತು. ನನಗೆ ಹಿಡಿಸಿದ್ದು ಹನುಮಂತನಗರದ ಮೂರು ಜನ. ಕನ್ನಡದಲ್ಲಿ ಸ್ವಂತ ಹಾಡು, ಸಿಇಟಿ ಟ್ಯೂಷನ್ ಬಗ್ಗೆ. ‘ಇಂಟಿಗ್ರೇಷನ್’ ಅನ್ನೋ ಪದವನ್ನು ಅಷ್ಟು ಸಿಟ್ಟಿನಿಂದ ಹಾಡಿದ್ದು ನಾನು ಕೇಳಿರಲಿಲ್ಲ. ಡ್ರಮ್ಮರ್ ಹುಡುಗಿಯ ಕ್ರ್ಯಾಷ್ ಸಿಂಬಲ್, ಅಂದರೆ ಸ್ಟಿಕ್ಕಿನಿಂದ ಹೊಡೆಯುವ ಲೋಹದ ತಟ್ಟೆ, ಸೀಳಿತ್ತು. ಸೀಳಿನ ತುದಿಗೆ ಒಂದು ಸಣ್ಣ ತೂತು ಕೊರೆದಿದ್ದಳು. ಹಾಗೆ ಕೊರೆದರೆ ಸೀಳು ಬೇಗ ಮುಂದೆ ಓಡುವುದಿಲ್ಲ. ಯಾರು ಹೇಳಿಕೊಟ್ಟರು ಅಂದೆ. ‘ತಾತ, ಲೇತ್ ವರ್ಕ್‌ಶಾಪ್’ ಅಂದಳು. ಸ್ಟಿಕ್ಕಿನಿಂದ ಉದುರಿದ ಮರದ ಪುಡಿ ಅವಳ ಶೂ ಮೇಲೆಲ್ಲ ಇತ್ತು. ಮಧ್ಯದಲ್ಲಿ ಕರೆಂಟ್ ಹೋಯಿತು. ಯುಪಿಎಸ್‌ನಲ್ಲಿ ಲೈಟ್ ಉರಿಯಿತೇ ಹೊರತು ಆಂಪ್ ಏಳಲಿಲ್ಲ. ಅವಳು ನಿಲ್ಲಿಸಲಿಲ್ಲ. ಜನರೇಟರ್ ಬರುವವರೆಗೆ ಎಲ್ಲರೂ ಚಪ್ಪಾಳೆಯಲ್ಲೇ ಹಾಡು ಮುಗಿಸಿದರು. ಗೋಡೆ ಮೇಲೆ 2007ರಲ್ಲಿ ಅರಮನೆ ಮೈದಾನದಲ್ಲಿ ನಡೆದ ಬ್ರಿಟನ್ನಿನ ಮೆಟಲ್ ಬ್ಯಾಂಡ್ ಐರನ್ ಮೇಡನ್ ಶೋನ ಟಿಕೆಟ್ಟಿಗೆ ಓನರ್ ಫ್ರೇಮ್ ಹಾಕಿಸಿದ್ದಾರೆ. ಅವತ್ತು ಅದರ ಕಡೆ ಯಾರೂ ನೋಡಲಿಲ್ಲ.

ಹೋಗುವವರಿಗೆ ಎರಡು ಮಾತು. ಕಾರು ತರಬೇಡಿ, ಕ್ರಾಸ್‌ನಲ್ಲಿ ಆಟೋ ತಿರುಗುವುದೇ ಕಷ್ಟ. ಡ್ರಮ್ಸ್ ನುಡಿಸುವವರು ಸ್ನೇರ್ ಡ್ರಮ್, ಸಿಂಬಲ್, ಕಿಕ್ ಪೆಡಲ್ ನಿಮ್ಮದೇ ಒಯ್ಯಿರಿ. ಅಲ್ಲಿನವು ಬಡಿಸಿಕೊಂಡು ಬಡಿಸಿಕೊಂಡು ಸುಸ್ತಾಗಿವೆ. ಶನಿವಾರ ಸಂಜೆ ಬೇಕಿದ್ದರೆ ವಾರ ಮುಂಚೆಯೇ ವಾಟ್ಸಾಪ್ ಮಾಡಿ. ಫೆಬ್ರವರಿಯಿಂದ ಸಿಇಟಿ ಮುಗಿಯುವವರೆಗೆ ಶೋ ಇಲ್ಲ, ರೂಮೂ ಖಾಲಿ ಹೊಡೆಯುತ್ತದೆ. ಆಗ ಗಂಟೆಗೆ 250ಕ್ಕೆ ನಮ್ಮಂಥ ಅಂಕಲ್‌ಗಳಿಗೂ ಕೊಡುತ್ತಾರೆ.