ಇನ್ನೂರು ಗ್ರಾಂ ಬೀನ್ಸ್ ಕೊಡುವ ಅಂಗಡಿ: ವಾರದ ತರಕಾರಿಗೆ ಹಾಪ್‌ಕಾಮ್ಸ್

ಕಳೆದ ವರ್ಷದವರೆಗೂ ನಮ್ಮ ಮನೆಗೆ ತರಕಾರಿ ಬರುತ್ತಿದ್ದುದು ಮೊಬೈಲ್‌ನಲ್ಲಿ ಆರ್ಡರ್ ಮಾಡುವ ಒಂದು ಸೇವೆಯಿಂದ. ಭಾನುವಾರ ರಾತ್ರಿ ಇಡೀ ವಾರಕ್ಕೆ ಬೇಕಾದುದನ್ನು ಆರಿಸಿಟ್ಟರೆ ಸೋಮವಾರ ಬೆಳಿಗ್ಗೆ ಬಾಗಿಲಿಗೆ ಬರುತ್ತಿತ್ತು. ಆದರೆ ಅಲ್ಲಿ ಬೀನ್ಸ್ ಅರ್ಧ ಕಿಲೋ ಪೊಟ್ಟಣದಲ್ಲಿ ಮಾತ್ರ ಸಿಗುತ್ತಿತ್ತು, ಹಸಿಮೆಣಸಿನಕಾಯಿ ಕಾಲು ಕಿಲೋಗಿಂತ ಕಡಿಮೆ ಇರಲಿಲ್ಲ, ಕೊತ್ತಂಬರಿ ಸೊಪ್ಪು ಪ್ಲಾಸ್ಟಿಕ್ ಚೀಲದೊಳಗೆ ಬೆವರಿಕೊಂಡೇ ಬರುತ್ತಿತ್ತು. ಸಾಗಣೆ ಶುಲ್ಕ ತಪ್ಪಿಸಲು ಬೇಡದ ಒಂದು ಎಲೆಕೋಸನ್ನೂ ಸೇರಿಸುವುದು ನಮಗೆ ರೂಢಿಯಾಗಿಬಿಟ್ಟಿತ್ತು. ಐದು ಜನರ ನಮ್ಮ ಮನೆಯಲ್ಲಿ ಒಂದು ತಿಂಗಳು ಎಸೆಯುವುದನ್ನೆಲ್ಲ ತೂಗಿ ಬರೆದಿಟ್ಟಾಗ, ಸಿಪ್ಪೆ ತೊಟ್ಟುಗಳನ್ನು ಬಿಟ್ಟು, ತಿನ್ನಬಹುದಾಗಿದ್ದು ಕೊಳೆತು ಹೋದದ್ದೇ ವಾರಕ್ಕೆ ಎರಡು ಕಿಲೋ ಹತ್ತಿರವಿತ್ತು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿಯು ಭಾರತದ ಮನೆಗಳಲ್ಲಿ ತಲಾ ವರ್ಷಕ್ಕೆ 55 ಕಿಲೋ ಆಹಾರ ವ್ಯರ್ಥವಾಗುತ್ತದೆಂದು ಅಂದಾಜಿಸುತ್ತದೆ. ಸಿಪ್ಪೆ, ಬೀಜಗಳೂ ಸೇರಿದ ಆ ಲೆಕ್ಕದಲ್ಲಿ ಐವರ ಮನೆಗೆ ವಾರಕ್ಕೆ ಐದು ಕಿಲೋ ದಾಟುತ್ತದೆ. ಅದನ್ನು ಓದಿದಾಗ ನಮ್ಮ ಅಡುಗೆಮನೆಯ ಬುಟ್ಟಿ ಕಣ್ಣ ಮುಂದೆ ಬಂತು.

ಅಲ್ಲಿಂದಾಚೆಗೆ ಬೆಂಗಳೂರಿನ ನಮ್ಮ ಬಡಾವಣೆಯಲ್ಲಿ ಮನೆಯಿಂದ ಐದು ನಿಮಿಷ ನಡಿಗೆಯ ದೂರದಲ್ಲಿರುವ, ಹಣ್ಣು ತರಕಾರಿ ಬೆಳೆಗಾರರ ಸಹಕಾರ ಸಂಸ್ಥೆಯಾದ ಹಾಪ್‌ಕಾಮ್ಸ್‌ನ ಮಳಿಗೆಗೆ ವಾರಕ್ಕೆ ಮೂರು ಬಾರಿ ಹೋಗತೊಡಗಿದೆವು. ಹತ್ತು ತಿಂಗಳ ಆ ಅನುಭವವನ್ನು ಆಧರಿಸಿ ಇದನ್ನು ಬರೆಯುತ್ತಿದ್ದೇನೆ.

ಈ ಸಂಸ್ಥೆ 1959ರಲ್ಲಿ ಬೆಂಗಳೂರಿನ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಆರಂಭವಾಯಿತು. ಅದರ ಹಿಂದೆ ಇದ್ದವರು ಲಾಲ್‌ಬಾಗ್‌ನ ಹೊಣೆ ಹೊತ್ತಿದ್ದ ತೋಟಗಾರಿಕಾ ತಜ್ಞ ಡಾ. ಎಂ.ಎಚ್. ಮರಿಗೌಡರು. ಮಧ್ಯವರ್ತಿಗಳ ಕೈಯಲ್ಲಿ ಸಿಕ್ಕಿ ಬೆಳೆಗಾರ ಸೋಲಬಾರದು, ಕೊಳ್ಳುವವನಿಗೂ ನ್ಯಾಯವಾದ ಬೆಲೆಗೆ ಸಿಗಬೇಕು ಎಂಬ ಉದ್ದೇಶ ಅದರ ಇಂದಿನ ನಡವಳಿಕೆಯಲ್ಲೂ ಕಾಣುತ್ತದೆ. ಆಯಾ ದಿನದ ಬೆಲೆಯನ್ನು ಫಲಕದಲ್ಲಿ ಬರೆದಿರುತ್ತಾರೆ, ಜಾಲತಾಣದಲ್ಲೂ ಪ್ರಕಟಿಸುತ್ತಾರೆ. ಚೌಕಾಸಿಗೆ ಅವಕಾಶವಿಲ್ಲ, ಅದರ ಅಗತ್ಯವೂ ಬೀಳುವುದಿಲ್ಲ. ಚೌಕಾಸಿ ಮಾಡಲು ಬಾರದ ನನ್ನಂಥವರಿಗೆ ಇದು ದೊಡ್ಡ ನೆಮ್ಮದಿ.

ದರದ ವಿಷಯದಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಕೆ.ಆರ್. ಮಾರುಕಟ್ಟೆಯಲ್ಲಿ ಬೆಳಗಿನ ಜಾವ ಮೂಟೆ ಬಿಚ್ಚುವ ಹೊತ್ತಿಗೆ ಹೋಗಬಲ್ಲವರಿಗೆ ಅಲ್ಲಿಯ ಬೆಲೆಯೇ ಕಡಿಮೆ ಬೀಳುತ್ತದೆ. ಆದರೂ ನಮ್ಮ ತರಕಾರಿ ಖರ್ಚು ವಾರಕ್ಕೆ ಸುಮಾರು 900 ರೂಪಾಯಿಯಿಂದ 620 ರೂಪಾಯಿಗೆ ಇಳಿದಿದೆ. ಅದಕ್ಕೆ ದರಕ್ಕಿಂತ ತೂಕವೇ ಹೆಚ್ಚು ಕಾರಣವೆಂದು ಪ್ರತಿ ವಾರದ ಲೆಕ್ಕ ಬರೆದಿಟ್ಟ ನೋಟುಪುಸ್ತಕ ಹೇಳುತ್ತದೆ. ಇಲ್ಲಿ ತರಕಾರಿ ಬಿಡಿಯಾಗಿ ರಾಶಿ ಹಾಕಿರುತ್ತದೆ. ಐವರ ಪಲ್ಯಕ್ಕೆ ಇನ್ನೂರೈವತ್ತು ಗ್ರಾಂ ಬೀನ್ಸ್, ಜೊತೆಗೊಂದು ಕ್ಯಾರೆಟ್ ಸಾಕೆಂದರೆ ಅಷ್ಟನ್ನೇ ತೂಗಿಸಿಕೊಳ್ಳಬಹುದು. ಇಬ್ಬರೇ ಊಟ ಮಾಡುವ ದಿನ ಇನ್ನೂರು ಗ್ರಾಂ ಕೇಳಿದರೂ ಮುಖ ಸಿಂಡರಿಸಿದವರನ್ನು ನಾನು ಕಂಡಿಲ್ಲ. ಹಸಿಮೆಣಸಿನಕಾಯಿ ಐವತ್ತು ಗ್ರಾಂ, ಶುಂಠಿ ಒಂದು ಬೆರಳುದ್ದ, ಬೀಟ್‌ರೂಟ್ ಒಂದೇ ಒಂದು. ಹೀಗೆ ಕೊಂಡದ್ದು ಮೂರನೆಯ ದಿನಕ್ಕೆ ಮುಗಿದಿರುತ್ತದೆ, ಕೊಳೆಯಲು ಉಳಿಯುವುದೇ ಇಲ್ಲ.

ಇದರಿಂದ ನಮ್ಮ ಅಡುಗೆಯ ಕ್ರಮವೇ ಬದಲಾಯಿತು. ಮೊದಲು ಮನೆಯಲ್ಲಿ ಕುಳಿತು ಏನು ಮಾಡಬೇಕೆಂದು ಗೊತ್ತು ಮಾಡಿಕೊಂಡು ತರಕಾರಿ ತರಿಸುತ್ತಿದ್ದೆವು. ಈಗ ಫಲಕ ನೋಡಿದ ಮೇಲೆ ಅಡುಗೆ ನಿರ್ಧಾರವಾಗುತ್ತದೆ. ಬೀನ್ಸ್ ದುಬಾರಿಯಾದ ವಾರ ಸೋರೆಕಾಯಿ, ಸೀಮೆಬದನೆ, ಕುಂಬಳಕಾಯಿ ಚೀಲಕ್ಕೆ ಬರುತ್ತವೆ. ಟೊಮೆಟೊ ಬೆಲೆ ಏರಿದರೆ ಸಾರಿಗೆ ಹುಣಸೆಹಣ್ಣು ಇದ್ದೇ ಇದೆ. ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ಅವರೆಕಾಯಿ ಬಂದರೆ ಹಿತಕಿದ ಬೇಳೆ ಸಾರು, ಅವರೆಕಾಳು ಉಪ್ಪಿಟ್ಟು ಎಂದು ವಾರಗಟ್ಟಲೆ ಬೇರೆ ತರಕಾರಿಯ ನೆನಪೇ ಆಗುವುದಿಲ್ಲ.

ಸೊಪ್ಪಿನ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯಬೇಕು, ಏಕೆಂದರೆ ನಮ್ಮ ಬುಟ್ಟಿಗೆ ಬೀಳುತ್ತಿದ್ದುದರಲ್ಲಿ ಅರ್ಧದಷ್ಟು ಸೊಪ್ಪೇ ಆಗಿತ್ತು. ಸೊಪ್ಪು ಕೊಳ್ಳುವುದಾದರೆ ಬೆಳಿಗ್ಗೆಯೇ ಹೋಗಬೇಕು. ಕಟ್ಟನ್ನು ತಿರುಗಿಸಿ ಬುಡದ ಕಡೆ ನೋಡಬೇಕು, ಕತ್ತರಿಸಿದ ಭಾಗ ಇನ್ನೂ ಹಸಿಯಾಗಿದ್ದರೆ ಮಾತ್ರ ತೆಗೆದುಕೊಳ್ಳಬೇಕು. ತಂದ ಕೂಡಲೇ ಕಟ್ಟು ಬಿಚ್ಚಿ, ಹಳದಿ ಎಲೆ ಆರಿಸಿ ತೆಗೆದು, ತೊಳೆಯದೆ ಒಣ ಹತ್ತಿಬಟ್ಟೆಯಲ್ಲಿ ಸುತ್ತಿಟ್ಟರೆ ಕೊತ್ತಂಬರಿ ನಮ್ಮ ಫ್ರಿಜ್ಜಿನಲ್ಲಿ ಒಂದು ವಾರ ಬರುತ್ತದೆ. ದಂಟಿನ ಸೊಪ್ಪು ತಂದ ದಿನ ಎಲೆಯಿಂದ ಮಸ್ಸೊಪ್ಪು, ಮರುದಿನ ದಂಟಿನ ಹುಳಿ. ಬಸ್ಸಾರಿನಲ್ಲಂತೂ ಸೊಪ್ಪು ಕಾಳು ಬೇಯಿಸಿ ಬಸಿದ ನೀರೂ ಸಾರಾಗುತ್ತದೆ, ಬಸಿದುಳಿದದ್ದು ಪಲ್ಯವಾಗುತ್ತದೆ. ನವಿಲುಕೋಸು, ಮೂಲಂಗಿಗಳನ್ನು ಎಲೆ ಸಮೇತ ಕೊಂಡರೆ ಒಂದೇ ದುಡ್ಡಿಗೆ ಎರಡು ಪಲ್ಯ. ಎಲೆ ಮುರಿದು ಹಾಕಲೇ ಎಂದು ಅಂಗಡಿಯವರು ಕೇಳಿದರೆ ಬೇಡವೆನ್ನಿ. ಹೀರೆಕಾಯಿ ಸಿಪ್ಪೆಯ ಚಟ್ನಿಯನ್ನು ನಮ್ಮ ಅತ್ತೆಯವರು ಮೊದಲಿನಿಂದಲೂ ಮಾಡುತ್ತಿದ್ದರು, ಈಗ ಸೀಮೆಬದನೆಯ ಸಿಪ್ಪೆಯೂ ಅದೇ ಒರಳಿಗೆ ಬೀಳುತ್ತಿದೆ.

ಮನೆಯಲ್ಲಿ ಇಡುವ ಕ್ರಮದಲ್ಲಿಯೂ ನಾವು ಕೆಲವು ತಪ್ಪುಗಳನ್ನು ತಿದ್ದಿಕೊಂಡೆವು. ಬಾಳೆಹಣ್ಣು, ಮಾಗಿದ ಮಾವು, ಟೊಮೆಟೊಗಳು ಎಥಿಲೀನ್ ಅನಿಲವನ್ನು ಬಿಡುತ್ತವೆ. ಅವುಗಳ ಪಕ್ಕದಲ್ಲಿಟ್ಟ ಸೊಪ್ಪು ಬೇಗ ಹಳದಿಯಾಗುತ್ತದೆ. ಈರುಳ್ಳಿ, ಆಲೂಗಡ್ಡೆಗಳನ್ನು ಒಂದೇ ಬುಟ್ಟಿಗೆ ಸುರಿಯುತ್ತಿದ್ದುದನ್ನೂ ನಿಲ್ಲಿಸಿದ್ದೇವೆ, ಈಗ ಎರಡೂ ಬೇರೆ ಬೇರೆ ಮೂಲೆಗಳಲ್ಲಿ ಗಾಳಿಯಾಡುವಂತೆ ಇರುತ್ತವೆ.

ಹಣ್ಣಿಗೂ ಇದೇ ಮಳಿಗೆ ಸಾಕು. ಬೇಸಿಗೆಗೆ ಮುನ್ನ ನಡೆಯುವ ದ್ರಾಕ್ಷಿ, ಕಲ್ಲಂಗಡಿ ಮೇಳ ಮತ್ತು ಆನಂತರದ ಮಾವು, ಹಲಸಿನ ಮೇಳಗಳಲ್ಲಿ ರಿಯಾಯಿತಿ ಇರುತ್ತದೆ. ರಿಯಾಯಿತಿ ಕಂಡು ಐದು ಕಿಲೋ ಮಾವು ತಂದರೆ ಎಲ್ಲವೂ ಒಂದೇ ದಿನ ಹಣ್ಣಾಗುತ್ತವೆ. ಆದ್ದರಿಂದ ಹಣ್ಣಾದವು ಎರಡು, ದೋರೆಗಾಯಿ ನಾಲ್ಕು ಎಂದು ಆರಿಸಿಕೊಳ್ಳುವುದು ಮೇಲು.

ಯಾರಿಗೆ ಇದು ಹೊಂದುವುದಿಲ್ಲ ಎಂಬುದನ್ನೂ ಹೇಳುತ್ತೇನೆ. ಮಳಿಗೆ ನಡಿಗೆಯ ದೂರದಲ್ಲಿಲ್ಲದಿದ್ದರೆ ವಾರಕ್ಕೆ ಮೂರು ಬಾರಿ ಹೋಗುವುದು ಕಷ್ಟ, ಪೆಟ್ರೋಲಿನ ಖರ್ಚು ಉಳಿತಾಯವನ್ನು ನುಂಗಿಹಾಕುತ್ತದೆ. ರಾತ್ರಿ ಒಂಬತ್ತಕ್ಕೆ ಕೆಲಸ ಮುಗಿಸಿ ಬರುವ ದಂಪತಿಗೆ ನಾನು ಇದನ್ನು ಒತ್ತಾಯದಿಂದ ಹೇಳಲಾರೆ. ಅವರು ಗಾಡಿಯವರ ಹತ್ತಿರವೇ ಬಿಡಿಯಾಗಿ ಕೊಂಡರೂ ತೂಕದ ಲಾಭ ಸಿಕ್ಕೇ ಸಿಗುತ್ತದೆ. ಅಣಬೆ, ಬ್ರೊಕೊಲಿಯಂಥವು ದಿನವೂ ಬೇಕೆನ್ನುವವರಿಗೆ ಸಣ್ಣ ಮಳಿಗೆಯ ಆಯ್ಕೆ ಕಡಿಮೆಯೆನ್ನಿಸಬಹುದು. ನಮ್ಮ ಮನೆಯ ಅಡುಗೆಗೆ ಮಾತ್ರ ಯಾವ ಕೊರತೆಯೂ ಆಗಿಲ್ಲ, ಐದರಲ್ಲಿ ನಾಲ್ಕೂವರೆ ಅಂಕವನ್ನು ಸಂತೋಷದಿಂದ ಕೊಡುತ್ತೇನೆ.

ನೋಟುಪುಸ್ತಕದಲ್ಲಿ ಈ ವಾರ ಎಸೆದದ್ದರ ಸಾಲಿನಲ್ಲಿ 300 ಗ್ರಾಂ ಎಂದಿದೆ: ಮೆಂತ್ಯಸೊಪ್ಪು ಅರ್ಧ ಕಟ್ಟು, ಬುಟ್ಟಿಯ ತಳದಲ್ಲಿ ಮರೆತುಹೋದ ಎರಡು ಟೊಮೆಟೊ.