ಮುದ್ರೆ ನೋಡಿ ದುಡ್ಡು ಕೊಟ್ಟರೆ ಮೂತಿ ಕೈಕೊಡುತ್ತದೆ

ಆನ್‌ಲೈನ್ ಹರಾಜಿನಲ್ಲಿ ಬಂದ ‘ಚೀನಾ ಅರಮನೆಯ’ ಟೀಪಾಟು. ಹಳದಿ ನೆಲ, ಮೈತುಂಬ ಗುಲಾಬಿ ಬಣ್ಣದ ತಾವರೆಬಳ್ಳಿ, ತಳದಲ್ಲಿ ಆರಕ್ಷರದ ಕೆಂಪು ಮುದ್ರೆ. ಬಿಸಿನೀರು ಹೊಯ್ದ ಮೊದಲ ದಿನವೇ ಮೂತಿಯ ಬುಡದಲ್ಲಿ ಬಣ್ಣ ಬೊಬ್ಬೆ ಎದ್ದಿತು. ಮುರಿದ ಮೂತಿಯನ್ನು ಎಪಾಕ್ಸಿ ಎಂಬ ಗಟ್ಟಿ ಅಂಟು ಹಾಕಿ ಕೂಡಿಸಿ, ಮೇಲೆ ಬಣ್ಣ ಸಿಂಪಡಿಸಿದ್ದರು. ಮಾರಿದವರು ಕಳಿಸಿದ್ದ ಆರು ಫೋಟೊಗಳಲ್ಲಿ ಆ ಜಾಗ ಒಂದರಲ್ಲೂ ಇರಲಿಲ್ಲ.

‘ಮಹಾ ಚಿಂಗ್ ವಂಶದ ಚಿಯಾನ್‌ಲಾಂಗ್ ಕಾಲದಲ್ಲಿ ಮಾಡಿದ್ದು’ ಎನ್ನುತ್ತದೆ ಮುದ್ರೆ. ಆ ದೊರೆಯ ಆಳ್ವಿಕೆ 1736ರಿಂದ 1795. ಆದರೆ ಅದೇ ಮುದ್ರೆಯನ್ನು 19ನೇ ಶತಮಾನದಲ್ಲೂ ಬರೆದರು, 1912ರಲ್ಲಿ ಅರಸೊತ್ತಿಗೆ ಹೋದ ಮೇಲೂ ಬರೆದರು, ಚೀನಾದ ಪಿಂಗಾಣಿ ಊರು ಜಿಂಗ್‌ದೆಝೆನ್‌ನಲ್ಲಿ ಇವತ್ತಿಗೂ ಬರೆಯುತ್ತಾರೆ. ಹಾಗಾಗಿ ತಳವನ್ನು ಕೊನೆಗೆ ನೋಡಿ.

ಮೊದಲು ಚಿತ್ತಾರ. ಈ ಪಾತ್ರೆಯ ಹೆಗಲ ಸುತ್ತ ಅಷ್ಟಮಂಗಲವಿತ್ತು: ಭಾರತದಿಂದ ಬೌದ್ಧರ ಜೊತೆ ಹೋದ ಶಂಖ, ಚಕ್ರ, ಛತ್ರ, ಜೋಡಿಮೀನು ಇತ್ಯಾದಿ. ಅರಮನೆಗೆಂದು ಮಾಡಿದ್ದರಲ್ಲಿ ಶಂಖದ ಸುರುಳಿ ಎಣಿಸಬಹುದು, ಅದಕ್ಕೆ ಸುತ್ತಿದ ಪಟ್ಟಿ ಎಲ್ಲಿ ಮೇಲೆ ಹಾಯ್ದು ಎಲ್ಲಿ ಕೆಳಗೆ ಇಳಿಯುತ್ತದೆ ಎಂಬುದೂ ಕಾಣುತ್ತದೆ. ಇಲ್ಲಿ ಶಂಖ ಬದನೆಕಾಯಿಯಾಗಿತ್ತು! ತಾವರೆಯ ಎಸಳೂ ಅಷ್ಟೇ. ಚಿನ್ನದಿಂದ ಬರುವ ಆ ಗುಲಾಬಿಯನ್ನು ದಟ್ಟ ಬಿಳಿ ಎನಾಮೆಲಿನ (ಪಿಂಗಾಣಿಯ ಮೇಲೆ ಸುಟ್ಟು ಕೂರಿಸುವ ಗಾಜಿನಂಥ ಬಣ್ಣ) ಜೊತೆ ಕಲೆಸಿ, ತುದಿಯಿಂದ ಬುಡಕ್ಕೆ ಮೆಲ್ಲಗೆ ತಿಳಿಯಾಗಿಸುವುದು ಹಳೆಯ ಕೈಗಳ ಕೆಲಸ. ಇದು ಒಂದೇ ಬಣ್ಣದಲ್ಲಿ ಬಳಿದದ್ದು. ಇನ್ನು 10 ಪಟ್ಟಿನ ಮಸೂರದಲ್ಲಿ ಬಣ್ಣ ಒಂದೇ ಅಳತೆಯ ಚುಕ್ಕಿಗಳಾಗಿ ಒಡೆದು ಕಂಡರೆ ಅದು ಅಚ್ಚಿನ ಹಾಳೆ ಅಂಟಿಸಿದ್ದು, ಮುಂದೆ ನೋಡುವ ಅಗತ್ಯವೇ ಇಲ್ಲ.

ಆಮೇಲೆ ಮೂತಿ, ಹಿಡಿ, ಮುಚ್ಚಳದ ಗುಬುಟು. ಒಡೆಯುವುದು ಇವೇ. ನೋಟು ಪರೀಕ್ಷಿಸುವ ಯುವಿ ಟಾರ್ಚನ್ನು ಕತ್ತಲ ಕೋಣೆಯಲ್ಲಿ ಹಿಡಿದರೆ ತೇಪೆ ಹಾಕಿದ ಜಾಗ ಹೆಚ್ಚಿನ ಸಲ ಬೇರೆಯಾಗಿ ಹೊಳೆಯುತ್ತದೆ. ಹೊಳೆಯದ ಬಣ್ಣಗಳೂ ಇವೆ. ಆಗ ಮಾಲೀಕರನ್ನು ಕೇಳಿ ಸೂಜಿಮೊನೆಯನ್ನು ಹಗುರವಾಗಿ ಎಳೆಯಿರಿ. ಪಿಂಗಾಣಿಯ ಮೇಲೆ ಜಾರುತ್ತದೆ, ಪೇಂಟಿಗೆ ತುಸು ಕಚ್ಚಿಕೊಳ್ಳುತ್ತದೆ. ಪಾದದಂಚಿನ ‘ಹಳೆಯ ಕೊಳೆ’ ಒದ್ದೆ ಹತ್ತಿಗೆ ಬಂದರೆ ಅದು ಬಹುಶಃ ಮೊನ್ನೆ ಮೆತ್ತಿದ್ದು.

ಇನ್ನೊಂದು ನಷ್ಟ ಮನೆಯಲ್ಲೇ ಆಯಿತು. ಪಾತ್ರೆ ತೊಳೆಯುವ ಸ್ಕ್ರಬ್ಬರಿನಿಂದ ಉಜ್ಜಿ ಮುಚ್ಚಳದಂಚಿನ ಚಿನ್ನ ಅರ್ಧ ಹೋಗಿದೆ. ಚಿನ್ನವನ್ನು ಕೊನೆಗೆ, ಕಡಿಮೆ ಶಾಖದಲ್ಲಿ ಸುಟ್ಟು ಕೂರಿಸಿರುತ್ತಾರೆ. ಅದಿರುವುದು ಪಿಂಗಾಣಿಯ ಗಾಜಿನಂಥ ಹೊಳಪು ಪದರದ ಮೇಲೆಯೇ, ಹಾಗಾಗಿ ಉಜ್ಜಿದರೆ ಹೋಗುತ್ತದೆ. ಎನಾಮೆಲಿನಲ್ಲಿ ಸೀಸವಿರುವುದರಿಂದ, ಒಳಗೂ ಹಸಿರು ನೀಲಿ ಬಳಿದಿರುವ ಪಾತ್ರೆಯಲ್ಲಿ ಟೀ ಮಾಡಲೇಬೇಡಿ.

ದುಡ್ಡು ಕಳಿಸುವ ಮೊದಲು ಮೂತಿಯ ಬುಡ, ಹಿಡಿಯ ಎರಡೂ ಬೆಸುಗೆ, ಮುಚ್ಚಳದ ಒಳಬದಿ, ಒಳಗಿನ ಜಾಲರಿ ತೂತುಗಳ ಫೋಟೊ ಕೇಳಿ. ‘ರಿಪೇರಿ ಆಗಿಲ್ಲ, ಆಗಿದ್ದರೆ ವಾಪಸ್’ ಎಂದು ಬರೆದುಕೊಡಲಿ.